ಉಪ್ಪು ನೀರೋ, ಜೆಲ್ಲೋ: ಒಡೆದರೆ ಗೊತ್ತಾಗುವುದು ಹೇಗೆ?

(ಮಹಿಳಾ ಸಮಾಜವೊಂದರ ಆರೋಗ್ಯ ಮಾಲಿಕೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಎದೆ ದೊಡ್ಡದಾಗಿ ಕಾಣಲಿ ಅಂತ, ಇಲ್ಲವೇ ಕ್ಯಾನ್ಸರ್‌ಗೆ ತೆಗೆದ ಎದೆಯನ್ನು ಮತ್ತೆ ಕಟ್ಟಲು ಅಂತ ಒಳಗಿಡುವ ಚೀಲವೇ ಇಂಪ್ಲಾಂಟ್. ಮೇಜಿನ ಮೇಲೆ ಅಂಥ ಎರಡು ಇಟ್ಟಿದ್ದೇನೆ. ಇವು ತೋರಿಸುವುದಕ್ಕೆ ಅಂತಲೇ ಇರುವ ಸ್ಯಾಂಪಲ್‌ಗಳು. ನಾನು ಮಾತಾಡ್ತಾ ಇರ್ತೀನಿ, ಇವು ಕೈಯಿಂದ ಕೈಗೆ ಹೋಗಲಿ. ನಾಚಿಕೆ ಏನೂ ಬೇಡ, ಹಿಸುಕಿ ನೋಡಿ.

ಒಂದರಲ್ಲಿ ಉಪ್ಪು ನೀರಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರಲ್ಲ, ಅದೇ ಸಲೈನ್. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಇನ್ನೊಂದರಲ್ಲಿ ಸಿಲಿಕೋನ್ ಜೆಲ್ ಇದೆ. ಒಂದೇ ಅಳತೆಯವಾದರೆ ತೂಕ ಹೆಚ್ಚು ಕಡಿಮೆ ಒಂದೇ. ಸಲೈನ್‌ದನ್ನು ತಿರುಗಿಸಿ ನೋಡಿ, ಸಣ್ಣ ಗುಂಡಿಯ ಹಾಗೆ ಒಂದು ವಾಲ್ವ್ ಕಾಣುತ್ತದೆ. ನೀರು ತುಂಬುವುದು ಅಲ್ಲಿಂದ. ಅಂಚನ್ನು ಮೆಲ್ಲಗೆ ಒತ್ತಿದರೆ ಸಣ್ಣ ಸಣ್ಣ ಮಡಿಕೆ ಏಳುತ್ತವೆ. ಆ ಮಡಿಕೆ ನೆನಪಿರಲಿ, ಆಮೇಲೆ ಅದರ ವಿಷಯ ಬರುತ್ತದೆ.

"ಸಿಲಿಕೋನ್ ಬೇಡ ಡಾಕ್ಟ್ರೇ, ಸಲೈನೇ ಹಾಕಿ" ಅಂತ ನಿರ್ಧಾರ ಮಾಡಿಕೊಂಡೇ ಬರುವವರಿದ್ದಾರೆ. ಅವರಿಗೆ ನಾನು ಮೊದಲು ತೋರಿಸುವುದು ಈ ಚೀಲವನ್ನು. ಎರಡರ ಹೊರಚೀಲವೂ ಸಿಲಿಕೋನ್ ರಬ್ಬರಿನದ್ದೇ. ಉಪ್ಪು ನೀರಿನದ್ದನ್ನು ಹಾಕಿಸಿಕೊಂಡರೂ ಮೈಯೊಳಗೆ ಸಿಲಿಕೋನ್ ಇದ್ದೇ ಇರುತ್ತದೆ. ಫರಕು ಇರುವುದು ಒಳಗೆ ಏನು ತುಂಬಿದೆ ಅನ್ನುವುದರಲ್ಲಿ ಮಾತ್ರ.

ಹಾಗಾದರೆ ಸಿಲಿಕೋನ್ ಅಂದರೆ ಈ ಭಯ ಎಲ್ಲಿಂದ ಬಂತು? ಅದಕ್ಕೆ ಅಮೆರಿಕಕ್ಕೆ ಹೋಗಬೇಕು.

ಟೆಕ್ಸಾಸ್‌ನ ಹ್ಯೂಸ್ಟನ್ ಊರು, 1962. ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಅನ್ನುವ ಇಬ್ಬರು ಸರ್ಜನ್‌ಗಳು. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಸುಕಿದಾಗ ಜೆರೋಗೆ ಇದು ಹೊಳೆಯಿತು ಅನ್ನುತ್ತಾರೆ. ಡೌ ಕಾರ್ನಿಂಗ್ ಕಂಪನಿ ಜೆಲ್ ತುಂಬಿದ ಚೀಲ ಮಾಡಿಕೊಟ್ಟಿತು. ಮೊದಲು ಎಸ್ಮೆರಾಲ್ಡಾ ಅನ್ನುವ ನಾಯಿಗೆ ಹಾಕಿ ನೋಡಿದರು. ಆಮೇಲೆ ಟಿಮ್ಮಿ ಜೀನ್ ಲಿಂಡ್ಸೆ ಅನ್ನುವ ಹೆಂಗಸಿಗೆ. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸುವುದಕ್ಕೆ. ಡಾಕ್ಟರು ಇಂಪ್ಲಾಂಟ್ ವಿಷಯ ಎತ್ತಿದಾಗ, ನನಗೆ ನಿಜವಾಗಿ ಬೇಕಾಗಿರುವುದು ಕಿವಿ ಸರಿ ಮಾಡಿಸಿಕೊಳ್ಳುವುದು ಅಂದರಂತೆ. ಕಿವಿಯನ್ನೂ ಮಾಡುತ್ತೇವೆ ಅಂತ ಒಪ್ಪಿಸಿದರು. ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಇದನ್ನು ಒಪ್ಪುವುದಿಲ್ಲ ಬಿಡಿ. ಐವತ್ತು ವರ್ಷ ಕಳೆದ ಮೇಲೂ ಆಕೆಯ ಮೈಯಲ್ಲಿ ಅವೇ ಇಂಪ್ಲಾಂಟ್ ಇದ್ದವು.

ಉಪ್ಪು ನೀರಿನ ಇಂಪ್ಲಾಂಟ್ ಬಂದಿದ್ದು ಇದಾದ ಎರಡು ಮೂರು ವರ್ಷಕ್ಕೆ, ಫ್ರಾನ್ಸಿನಲ್ಲಿ. ಖಾಲಿ ಚೀಲವನ್ನು ಸುರುಳಿ ಸುತ್ತಿ, ಚಿಕ್ಕ ಗಾಯದ ಮೂಲಕ ಒಳಗಿಟ್ಟು, ಆಮೇಲೆ ನೀರು ತುಂಬುವುದು. ಜೆಲ್ಲಿನದ್ದು ತುಂಬಿಕೊಂಡೇ ಬರುವುದರಿಂದ ಅದಕ್ಕೆ ಸ್ವಲ್ಪ ಉದ್ದದ ಗಾಯ ಬೇಕು. ಸಲೈನ್ ಹುಟ್ಟಿದ್ದು ಚಿಕ್ಕ ಗಾಯ ಸಾಕು ಅನ್ನುವ ಕಾರಣಕ್ಕೆ. ಸಿಲಿಕೋನ್ ಜೆಲ್ ಬಗ್ಗೆ ಹೆದರಿಕೆ ಆಗಿನ್ನೂ ಶುರುವಾಗಿರಲಿಲ್ಲ.

1970ರ ದಶಕದಲ್ಲಿ ಕಂಪನಿಗಳು ಮುಟ್ಟಲು ಮೆತ್ತಗಿರಲಿ ಅಂತ ಚೀಲವನ್ನು ತೆಳುವಾಗಿಸಿದವು, ಜೆಲ್ಲನ್ನೂ ನೀರಾಗಿಸಿದವು. ಅವು ಜಾಸ್ತಿ ಒಡೆದವು, ಸೋರಿದವು. ಕೀಲು ನೋವು, ಸುಸ್ತು, ಮೈಯೆಲ್ಲ ಉರಿ ಅಂತ ಹೆಂಗಸರು ಹೇಳತೊಡಗಿದರು, ಕೋರ್ಟಿಗೆ ಹೋದರು. 1992ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ, ಜೆಲ್ ಇಂಪ್ಲಾಂಟ್‌ಗಳನ್ನು ತಡೆಹಿಡಿಯಿತು. ಕ್ಯಾನ್ಸರ್ ಆಪರೇಷನ್ ಆದವರಿಗೆ ಮತ್ತು ಅಧ್ಯಯನಕ್ಕೆ ಸೇರಿದವರಿಗೆ ಮಾತ್ರ ಅವಕಾಶ. ಎಫ್‌ಡಿಎ ಆಗ ಹೇಳಿದ್ದು "ಇವು ಅಪಾಯ ಅಂತ ಸಾಬೀತಾಗಿದೆ" ಅಂತ ಅಲ್ಲ. "ಇವು ಸುರಕ್ಷಿತ ಅಂತ ಕಂಪನಿಗಳು ಸಾಬೀತು ಮಾಡಿಲ್ಲ" ಅಂತ. ಮೂವತ್ತು ವರ್ಷ ಮಾರಿದ ಮೇಲೂ ತೋರಿಸಲು ಸರಿಯಾದ ಲೆಕ್ಕ ಇರಲಿಲ್ಲ ಅನ್ನುವುದೇ ನನ್ನ ಪ್ರಕಾರ ದೊಡ್ಡ ತಪ್ಪು.

1995ರಲ್ಲಿ ಡೌ ಕಾರ್ನಿಂಗ್ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದ್ದಬದ್ದ ಅಧ್ಯಯನಗಳನ್ನೆಲ್ಲ ನೋಡಿ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈ ಮೇಲೆಯೇ ತಿರುಗಿಬೀಳುವ ಲೂಪಸ್, ಸಂಧಿವಾತದಂಥ ಕಾಯಿಲೆಗೆ ಸಿಲಿಕೋನ್ ಇಂಪ್ಲಾಂಟ್ ಕಾರಣ ಅನ್ನಲು ಆಧಾರ ಸಿಕ್ಕಿಲ್ಲ ಅಂತ ವರದಿ ಕೊಟ್ಟಿತು. ಆದರೆ ಇಂಪ್ಲಾಂಟ್ ಇದ್ದ ಜಾಗದಲ್ಲೇ ಆಗುವ ತೊಂದರೆಗಳು, ಅಂದರೆ ಒಡೆಯುವುದು, ಗಟ್ಟಿಯಾಗುವುದು, ಮತ್ತೆ ಆಪರೇಷನ್ ಬೇಕಾಗುವುದು, ಇವು ನಿಜ ಅಂತಲೂ ಹೇಳಿತು. 2006ರ ನವೆಂಬರ್‌ನಲ್ಲಿ ಜೆಲ್ ಮತ್ತೆ ಬಂತು. ಚೆಂದಕ್ಕೆ ಹಾಕಿಸಿಕೊಳ್ಳುವವರಿಗೆ 22 ವರ್ಷ ಆಗಿರಬೇಕು ಅನ್ನುವ ಷರತ್ತಿನ ಮೇಲೆ. ಸಲೈನ್‌ಗೆ 18 ಸಾಕು.

ಈ ಕತೆಯೆಲ್ಲ ಯಾಕೆ ಹೇಳಿದೆ ಅಂದರೆ, ಆ ಹದಿನಾಲ್ಕು ವರ್ಷ ಅಮೆರಿಕದಲ್ಲಿ ಚೆಂದಕ್ಕೆ ಹಾಕಿಸಿಕೊಳ್ಳುವ ಹೆಚ್ಚಿನವರಿಗೆ ಇದ್ದ ದಾರಿ ಸಲೈನ್ ಒಂದೇ. ಆಗ ಅಲ್ಲಿ ಹಾಕಿಸಿಕೊಂಡ ಅಕ್ಕನೋ ಗೆಳತಿಯೋ ಇವತ್ತು ಫೋನಿನಲ್ಲಿ "ಸಲೈನೇ ಸೇಫ್ ಕಣೇ" ಅನ್ನುವುದು ಸಹಜ. ಈಗ ಅಲ್ಲೂ ಜೆಲ್ಲೇ ಜಾಸ್ತಿ. ನಮ್ಮಲ್ಲಂತೂ ಹೆಚ್ಚಿನ ಸರ್ಜನ್‌ಗಳು ಬಳಸುವುದು ಜೆಲ್ಲನ್ನೇ. ಈಗಿನ ಜೆಲ್ ಹಳೆಯದರ ಹಾಗೆ ಹರಿಯುವುದಿಲ್ಲ. ಸ್ಯಾಂಪಲ್ ಒಂದನ್ನು ಅರ್ಧಕ್ಕೆ ಕತ್ತರಿಸಿ ತಂದಿದ್ದೇನೆ, ನೋಡಿ. ತಾಟಿನುಂಗು ಕೊಯ್ದ ಹಾಗೆ ನಿಂತಿದೆ. ಬೆರಳಲ್ಲಿ ಒತ್ತಿದರೆ ಉಬ್ಬುತ್ತದೆ, ಬಿಟ್ಟರೆ ಮತ್ತೆ ಒಳಗೆ ಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನನ್ನ ಹತ್ತಿರ ಬಂದವರು "ನೀರಾ, ಜೆಲ್ಲಾ" ಅಂತ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. "ಐದು ವರ್ಷ ಆದಮೇಲೆ, ಏನೂ ನೋವಿಲ್ಲದಿದ್ದರೂ, ಸ್ಕ್ಯಾನಿಂಗ್‌ಗೆ ಬರ್ತೀರಾ?"

ಯಾಕೆ ಅಂದರೆ, ಯಾವ ಇಂಪ್ಲಾಂಟೂ ಜೀವಮಾನಕ್ಕೆ ಅಲ್ಲ. ಹಳೆಯದಾದಷ್ಟೂ ಒಡೆಯುವ ಸಂಭವ ಜಾಸ್ತಿ. ಸಲೈನ್ ಒಡೆದರೆ ಮುಚ್ಚಿಡಲು ಆಗುವುದಿಲ್ಲ. ಬೆಳಿಗ್ಗೆ ಎದ್ದು ಬ್ಲೌಸ್ ಹಾಕಿಕೊಳ್ಳುವಾಗ ಒಂದು ಕಡೆ ಸಡಿಲ ಅನ್ನಿಸುತ್ತದೆ. ಒಂದೆರಡು ದಿನದಲ್ಲಿ ಚಪ್ಪಟೆ. ಕೆಲವರಲ್ಲಿ ವಾರಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಸೋರಿದ ಉಪ್ಪು ನೀರನ್ನು ಮೈ ಹೀರಿಕೊಳ್ಳುತ್ತದೆ, ಆಮೇಲೆ ಮೂತ್ರದಲ್ಲಿ ಹೋಗುತ್ತದೆ. ನೋಡಲು ಗಾಬರಿ, ಆದರೆ ಜೀವಕ್ಕೆ ಏನೂ ಇಲ್ಲ. ಖಾಲಿ ಚೀಲ ತೆಗೆಸಬೇಕು, ಬೇಕಿದ್ದರೆ ಹೊಸದು ಹಾಕಿಸಬೇಕು, ಅಷ್ಟೆ.

ಜೆಲ್ ಹಾಗಲ್ಲ. ಮೈಯೊಳಗೆ ಯಾವ ಹೊರ ವಸ್ತು ಇಟ್ಟರೂ ದೇಹ ಅದರ ಸುತ್ತ ಗಾಯದ ಕಲೆಯಂಥ ಒಂದು ಪೊರೆ ಕಟ್ಟುತ್ತದೆ. ಚೀಲ ಹರಿದರೂ ಆ ಪೊರೆಯೊಳಗೆ ಜೆಲ್ ಸುಮ್ನೆ ಕೂತಿರುತ್ತದೆ. ಆಕಾರ ಬದಲಾಗುವುದಿಲ್ಲ, ನೋವಿಲ್ಲ. ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರೆ ನನಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅದಕ್ಕೇ ಎಫ್‌ಡಿಎ ಈಗ ಹೇಳುವುದು: ಜೆಲ್ ಇದ್ದವರು ಹಾಕಿಸಿದ ಐದಾರು ವರ್ಷಕ್ಕೆ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಮೊದಲು ಎಂಆರ್‌ಐಯೇ ಆಗಬೇಕು, ಅದೂ ಮೂರನೇ ವರ್ಷಕ್ಕೇ ಅನ್ನುತ್ತಿದ್ದರು. 2020ರಲ್ಲಿ ಇದನ್ನು ಬದಲಾಯಿಸಿದರು. ಅಲ್ಟ್ರಾಸೌಂಡ್ ಆದರೂ ಸರಿ ಅಂದಿದ್ದು ನಮ್ಮ ತಾಲ್ಲೂಕು, ಜಿಲ್ಲಾ ಕೇಂದ್ರಗಳ ಹೆಂಗಸರಿಗೆ ದೊಡ್ಡ ಅನುಕೂಲ.

ಪೊರೆಯೂ ಹರಿದು ಜೆಲ್ ಹೊರಗೆ ಬಂದರೆ ಕಂಕುಳಿನ ಗ್ರಂಥಿಗಳಿಗೆ ಹೋಗಬಹುದು. ಅಲ್ಲಿ ಗಂಟು ಕೈಗೆ ಸಿಗುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಕಂಕುಳಲ್ಲಿ ಗಂಟು ಅಂದರೆ ಪ್ರಾಣವೇ ಹೋದ ಹಾಗೆ ಆಗುತ್ತದೆ. ಪರೀಕ್ಷೆ ಮಾಡಿದರೆ ಅದು ಬರೀ ಸಿಲಿಕೋನ್ ಆಗಿರುವುದುಂಟು. ಆದರೆ ಆ ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ಈಗ ನಮ್ಮ ಮನೆಗಳನ್ನು ನೆನಪು ಮಾಡಿಕೊಳ್ಳಿ. ಗಂಡನಿಗೆ ಶುಗರ್ ಟೆಸ್ಟ್, ಅತ್ತೆಗೆ ಕಣ್ಣು, ಮಗನಿಗೆ ಫೀಸು. ಇವೆಲ್ಲ ಮುಗಿದ ಮೇಲೆ ತನಗೆ. ಅದರಲ್ಲೂ ನೋವಿಲ್ಲದ ಎದೆಗೆ ಸ್ಕ್ಯಾನಿಂಗ್ ಅಂದರೆ "ಸುಮ್ನೆ ಯಾಕೆ ದುಡ್ಡು" ಅಂತ ಆಕೆಯೇ ಅಂದುಕೊಳ್ಳುತ್ತಾಳೆ. ತಾನು ಅಂಥವಳು ಅಂತ ಗೊತ್ತಿದ್ದರೆ, ಒಡೆದಾಗ ತಾನಾಗಿ ತಿಳಿಯುವ ಸಲೈನ್ ಕೇಳುವುದರಲ್ಲಿ ಅರ್ಥವಿದೆ. ಸ್ಕ್ಯಾನಿಂಗ್ ತಪ್ಪಿಸುವುದಿಲ್ಲ ಅನ್ನುವವರಿಗೆ ಜೆಲ್ ಬೇಡ ಅನ್ನಲು ನನಗೆ ಕಾರಣ ಕಾಣುವುದಿಲ್ಲ.

ಮುಟ್ಟಲು ಯಾವುದು ಚೆನ್ನ ಅನ್ನುವುದು ನಿಮ್ಮ ಕೈಗೇ ಈಗ ಗೊತ್ತಾಗಿದೆ, ಜೆಲ್ಲೇ. ಸಲೈನ್‌ನಲ್ಲಿ ಕಂಡ ಆ ಮಡಿಕೆಗಳು ಚರ್ಮದ ಮೇಲೂ ಅಲೆಯ ಹಾಗೆ ಕಾಣಬಹುದು. ಮೈ ತುಂಬಿಕೊಂಡಿರುವವರಲ್ಲಿ ಕೊಬ್ಬು, ಅಂಗಾಂಶ ಅದನ್ನು ಮುಚ್ಚುತ್ತವೆ. ಸಣ್ಣಗಿರುವವರು ಬಗ್ಗಿದಾಗ ಎದ್ದು ಕಾಣುತ್ತದೆ. ಆದರೆ ಸಲೈನ್‌ಗೂ ಒಂದು ಗುಣವಿದೆ. ಎರಡು ಎದೆ ಸಮ ಇಲ್ಲದವರಿಗೆ ಆಪರೇಷನ್ ಟೇಬಲ್ ಮೇಲೆಯೇ ಒಂದಕ್ಕೆ ಹತ್ತಿಪ್ಪತ್ತು ಎಂಎಲ್ ಹೆಚ್ಚು ಹಾಕಿ ಸರಿದೂಗಿಸಬಹುದು. ಕಂಪನಿ ಹೇಳಿದ ಅಳತೆಯ ಒಳಗೆ ಮಾತ್ರ. ಕಡಿಮೆ ತುಂಬಿದರೆ ಮಡಿಕೆ ಬಿದ್ದ ಜಾಗದಲ್ಲೇ ಚೀಲ ಸವೆದು ಸೀಳುತ್ತದೆ.

ಇನ್ನು ಆ ಪೊರೆಯದ್ದೇ ಒಂದು ತಾಪತ್ರಯ. ಕೆಲವರಲ್ಲಿ ಅದು ಬಿಗಿಯಾಗಿ ಇಂಪ್ಲಾಂಟನ್ನು ಹಿಂಡುತ್ತದೆ. ಎದೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ಕೊನೆಕೊನೆಗೆ ನೋವು. ನೀರಾದರೂ ಜೆಲ್ ಆದರೂ ಇದು ಬಿಟ್ಟಿದ್ದಲ್ಲ. ಮತ್ತೆ ಆಪರೇಷನ್ ಮಾಡಿಸಬೇಕಾಗಿ ಬರುವುದಕ್ಕೆ ಇದೇ ದೊಡ್ಡ ಕಾರಣಗಳಲ್ಲಿ ಒಂದು. ಎಫ್‌ಡಿಎ 2011ರಲ್ಲಿ ಕೊಟ್ಟ ಲೆಕ್ಕ ಕೇಳಿ. ಚೆಂದಕ್ಕೆ ಹಾಕಿಸಿಕೊಂಡ ಐವರಲ್ಲಿ ಒಬ್ಬರು ಹತ್ತು ವರ್ಷದೊಳಗೆ ತೆಗೆಸಬೇಕಾಗುತ್ತದೆ. ಕ್ಯಾನ್ಸರ್ ನಂತರ ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಒಬ್ಬರವರೆಗೂ. ಈ ಮಾತನ್ನು ಆಪರೇಷನ್‌ಗೆ ಮೊದಲೇ ಹೇಳದ ಡಾಕ್ಟರ ಹತ್ತಿರ ಹೋಗಬೇಡಿ.

ಒಳಗೆ ಏನಿದೆ ಅಂತ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವವರು ಹೊರಮೈ ಹೇಗಿದೆ ಅಂತ ಕೇಳುವುದೇ ಇಲ್ಲ. ಅದು ನುಣುಪೋ, ಒರಟೋ? ಇಂಪ್ಲಾಂಟ್ ಜರುಗದಿರಲಿ ಅಂತ ಮೈ ಒರಟು ಮಾಡಿದವು ಬಹಳ ಕಾಲ ಮಾರಾಟದಲ್ಲಿದ್ದವು. ಈ ಒರಟು ಮೈಯವುಗಳಿಗೂ, ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರ್‌ಗೂ ನಂಟಿದೆ ಅಂತ ಗೊತ್ತಾಯಿತು. 2019ರ ಜುಲೈನಲ್ಲಿ ಎಫ್‌ಡಿಎ ಹೇಳಿದ ಮೇಲೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಒರಟು ಮೈಯ ಇಂಪ್ಲಾಂಟ್‌ಗಳನ್ನು ಇಡೀ ಜಗತ್ತಿನಲ್ಲಿ ವಾಪಸ್ ತೆಗೆದುಕೊಂಡಿತು. ಆಗ ಪ್ರಪಂಚದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 573 ಜನ, ಅವರಲ್ಲಿ 33 ಸಾವು. ವಾಪಸ್ ಹೋದವುಗಳಲ್ಲಿ ಜೆಲ್ಲಿನವೂ ಇದ್ದವು, ಸಲೈನ್‌ನವೂ ಇದ್ದವು. ಸಾಮಾನ್ಯವಾಗಿ ಇದು ಕಾಣಿಸಿಕೊಳ್ಳುವುದು ಹಾಕಿಸಿದ ಎಷ್ಟೋ ವರ್ಷದ ಮೇಲೆ, ಒಂದು ಎದೆ ಇದ್ದಕ್ಕಿದ್ದ ಹಾಗೆ ಊದಿಕೊಂಡು. ಬೇಗ ಕಂಡುಹಿಡಿದು ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಆ ಇಂಪ್ಲಾಂಟ್ ಇದ್ದು ಏನೂ ತೊಂದರೆ ಇಲ್ಲದವರು ತೆಗೆಸಲೇಬೇಕು ಅಂತ ಎಫ್‌ಡಿಎ ಹೇಳಿಲ್ಲ. ಊತ ಬಂದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.

ಇನ್ನೊಂದು ಫ್ರಾನ್ಸಿನ ಕತೆ. ಪಿಐಪಿ ಅನ್ನುವ ಕಂಪನಿ ವೈದ್ಯಕೀಯ ದರ್ಜೆಯ ಸಿಲಿಕೋನ್ ಬದಲು ಕೈಗಾರಿಕೆಗೆ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಮಾರಿತು. 2010ರಲ್ಲಿ ಸಿಕ್ಕಿಬಿತ್ತು. ಅಷ್ಟರೊಳಗೆ ಹತ್ತಾರು ದೇಶಗಳಲ್ಲಿ ಲಕ್ಷಗಟ್ಟಲೆ ಹೆಂಗಸರ ಮೈ ಸೇರಿಯಾಗಿತ್ತು. ಮಾಲೀಕ ಜಾನ್-ಕ್ಲೋಡ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಆಗ ಎಷ್ಟೋ ಹೆಂಗಸರಿಗೆ ತಮ್ಮ ಮೈಯಲ್ಲಿರುವುದು ಯಾವ ಕಂಪನಿಯದ್ದು ಅನ್ನುವುದೇ ಗೊತ್ತಿರಲಿಲ್ಲ.

ಅದಕ್ಕೇ ಇಂಪ್ಲಾಂಟಿನ ವಿವರ ಇರುವ ಕಾರ್ಡ್ ಕೇಳಿ ಪಡೆಯಿರಿ. ಇಂಪ್ಲಾಂಟ್ ಡಬ್ಬಿಯಲ್ಲಿ ಅಂಟಿಸುವ ಸ್ಟಿಕರ್‌ಗಳು ಬರುತ್ತವೆ. ಕಂಪನಿ ಹೆಸರು, ಸೀರಿಯಲ್ ನಂಬರ್, ಅಳತೆ, ಮೈ ನುಣುಪೋ ಒರಟೋ, ಎಲ್ಲ ಅದರಲ್ಲಿರುತ್ತದೆ. ಒಂದು ಆಸ್ಪತ್ರೆಯ ಫೈಲಿಗೆ, ಒಂದು ನಿಮ್ಮ ಕಾರ್ಡಿಗೆ. ಅದರ ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಸೀರೆಯ ಬಿಲ್ಲನ್ನು ವರ್ಷಗಟ್ಟಲೆ ಜೋಪಾನ ಮಾಡುವ ನಾವು ಇದನ್ನು ಬಿಡಬಾರದು, ಅಲ್ವಾ?

ಕ್ಯಾನ್ಸರ್‌ಗೆ ಎದೆ ತೆಗೆಸಿಕೊಂಡವರ ವಿಷಯ ಬೇರೆಯೇ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ನನ್ನ ಹತ್ತಿರ ಬರುವವರಲ್ಲೂ ಅವರೇ ಜಾಸ್ತಿ. ಇವರಲ್ಲಿ ಎಷ್ಟೋ ಜನ ನೀರು, ಜೆಲ್ ಎರಡನ್ನೂ ನೋಡಿರುತ್ತಾರೆ. ಎದೆ ತೆಗೆದ ಮೇಲೆ ಚರ್ಮ ಸಾಲದಾಗುತ್ತದೆ. ಮೊದಲು ಎಕ್ಸ್‌ಪ್ಯಾಂಡರ್ ಅನ್ನುವ ಖಾಲಿ ಚೀಲ ಇಡುತ್ತೇವೆ. ಅದರಲ್ಲಿ ಚರ್ಮದ ಕೆಳಗೆ ಒಂದು ಚಿಕ್ಕ ಬಾಗಿಲು, ಅದರ ಹಿಂದೆ ಅಯಸ್ಕಾಂತ. ಹೊರಗಿನಿಂದ ಇನ್ನೊಂದು ಅಯಸ್ಕಾಂತ ಹಿಡಿದು ಬಾಗಿಲು ಎಲ್ಲಿದೆ ಅಂತ ಹುಡುಕಿ, ಸೂಜಿಯಲ್ಲಿ ಸ್ವಲ್ಪ ಸ್ವಲ್ಪ ಉಪ್ಪು ನೀರು ತುಂಬುತ್ತಾ ಹೋಗುತ್ತೇವೆ. ಒಂದೆರಡು ವಾರಕ್ಕೊಮ್ಮೆ. ಚರ್ಮ ಹಿಗ್ಗುತ್ತದೆ. ಆ ದಿನ ಬಿಗಿ ಬಿಗಿ ಅನ್ನಿಸಿ, ರಾತ್ರಿ ಮಗ್ಗುಲಾಗುವುದೂ ಕಷ್ಟ ಅನ್ನುತ್ತಾರೆ. ಸಾಕಷ್ಟು ಜಾಗವಾದ ಮೇಲೆ ಅದನ್ನು ತೆಗೆದು ಇಂಪ್ಲಾಂಟ್ ಹಾಕುವುದು. ಅಯಸ್ಕಾಂತ ಒಳಗಿರುವಷ್ಟು ದಿನ ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಹೇಳಲೇಬೇಕು.

ಕೊನೆಗೆ ಹಾಕುವುದಕ್ಕೆ ಇವರಲ್ಲಿ ಸಾಮಾನ್ಯವಾಗಿ ಜೆಲ್ಲೇ ಒಳ್ಳೆಯದು. ಮುಚ್ಚಲು ಬರೀ ಚರ್ಮವಷ್ಟೇ ಇರುವುದರಿಂದ ನೀರಿನ ಮಡಿಕೆ ತಕ್ಷಣ ಕಾಣುತ್ತದೆ. ರೇಡಿಯೇಷನ್ ಆದವರಲ್ಲಿ ಪೊರೆ ಗಟ್ಟಿಯಾಗುವುದು ಜಾಸ್ತಿ. ಅಂಥವರಿಗೆ ಹೊಟ್ಟೆಯ ಕೊಬ್ಬು ಅಥವಾ ಬೆನ್ನಿನ ಸ್ನಾಯು ತಂದು ಎದೆ ಕಟ್ಟುವ ಆಪರೇಷನ್ ಬಗ್ಗೆ ನಾನು ಮೊದಲು ಮಾತಾಡುತ್ತೇನೆ. ದೊಡ್ಡ ಆಪರೇಷನ್, ಹೌದು. ಆದರೆ ಅದು ನಿಮ್ಮದೇ ಮೈ, ಒಡೆಯುವ ಪ್ರಶ್ನೆ ಇಲ್ಲ. ಯಾವುದೂ ಬೇಡ ಅನ್ನುವವರಿಗೆ ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಅಥವಾ ಹತ್ತಿಯ ಕೃತಕ ಎದೆ ಇದೆ. ಏನೂ ಇಟ್ಟುಕೊಳ್ಳದೆ ಚಪ್ಪಟೆ ಎದೆಯಲ್ಲೇ ಆರಾಮವಾಗಿ ಇರುವವರೂ ಇದ್ದಾರೆ. ಯಾರ ಒತ್ತಾಯಕ್ಕೂ ಇದನ್ನು ಮಾಡಿಸಿಕೊಳ್ಳಬೇಡಿ, ಗಂಡನ ಒತ್ತಾಯಕ್ಕಂತೂ ಬೇಡವೇ ಬೇಡ.

ಈಗ ನಿಮ್ಮ ಪ್ರಶ್ನೆಗಳು.

"ಮೇಡಂ, ಮಗುವಿಗೆ ಹಾಲು ಕೊಡಬಹುದಾ?"

ಹೆಚ್ಚಿನವರು ಕೊಡುತ್ತಾರೆ. ತೊಂದರೆ ಬರುವುದು ಗಾಯ ಎಲ್ಲಿ ಮಾಡಿದ್ದಾರೆ ಅನ್ನುವುದರ ಮೇಲೆ. ತೊಟ್ಟಿನ ಸುತ್ತ ಕೊಯ್ದರೆ ಹಾಲಿನ ನಾಳಗಳಿಗೆ ಪೆಟ್ಟಾಗುವ ಸಂಭವ ಜಾಸ್ತಿ. ಮುಂದೆ ಮಗು ಬೇಕು ಅನ್ನುವವರು ಎದೆಯ ಕೆಳಗಿನ ಮಡಿಕೆಯಲ್ಲಿ ಗಾಯ ಮಾಡಿ ಅಂತ ಕೇಳಿ. ಹಾಲಿನಲ್ಲಿ ಸಿಲಿಕೋನ್ ಬರುತ್ತದಾ ಅನ್ನುವ ಭಯ ಇದೆ. ಅಳೆದು ನೋಡಿದ್ದಾರೆ. ಇಂಪ್ಲಾಂಟ್ ಇರುವ ತಾಯಂದಿರ ಹಾಲಿನಲ್ಲೂ ಇಲ್ಲದವರ ಹಾಲಿನಲ್ಲೂ ಸಿಲಿಕಾನ್, ಅಂದರೆ ಸಿಲಿಕೋನ್‌ನಲ್ಲಿರುವ ಮೂಲ ಧಾತುವಿನ ಪ್ರಮಾಣ ಒಂದೇ ರೀತಿ ಇತ್ತು. ಹಸುವಿನ ಹಾಲಿನಲ್ಲಿ ಅದಕ್ಕಿಂತ ಜಾಸ್ತಿ ಇತ್ತು.

"ಮ್ಯಾಮೋಗ್ರಾಂ ಮಾಡಿಸಿದರೆ ಒಡೆದುಹೋಗಲ್ವಾ?"

ಮ್ಯಾಮೋಗ್ರಾಂ ಅಂದರೆ ಎದೆಯನ್ನು ಒತ್ತಿ ಹಿಡಿದು ತೆಗೆಯುವ ಎಕ್ಸ್‌ರೇ. ಒಡೆಯುವುದು ಅಪರೂಪಕ್ಕೆ ಆಗಿದೆ, ಆದರೆ ಆ ಹೆದರಿಕೆಯಿಂದ ಮಾಡಿಸದೆ ಇರಬೇಡಿ. ಇಂಪ್ಲಾಂಟ್ ಇದೆ ಅಂತ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ನೀರು, ಜೆಲ್ ಎರಡೂ ಎಕ್ಸ್‌ರೇಗೆ ಅಡ್ಡ ಬರುತ್ತವೆ. ಅದಕ್ಕೆ ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ಒಂದೆರಡು ಚಿತ್ರ ಜಾಸ್ತಿ ತೆಗೆಯುತ್ತಾರೆ.

"ವಿಮಾನದಲ್ಲಿ ಹೋದರೆ ಸಿಡಿಯುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು."

(ನಗು) ಸಿಡಿಯುವುದಿಲ್ಲ. ಆರಾಮವಾಗಿ ಮಗಳ ಮನೆಗೆ ಹೋಗಿ ಬನ್ನಿ.

"ಸುಸ್ತು, ಮರೆವು, ಮೈಕೈ ನೋವು ಇಂಪ್ಲಾಂಟ್‌ನಿಂದ ಬರುತ್ತೆ ಅಂತಾರೆ. ಅದೂ ಸುಳ್ಳಾ?"

ಸುಳ್ಳು ಅಂತ ನಾನು ಹೇಳುವುದಿಲ್ಲ. ಇದಕ್ಕೆ ಒಂದು ಟೆಸ್ಟ್ ಇಲ್ಲ, ಕಾರಣವೂ ಇನ್ನೂ ಸ್ಪಷ್ಟವಾಗಿಲ್ಲ. ಸಲೈನ್ ಇರುವವರೂ ಹೇಳುತ್ತಾರೆ, ಜೆಲ್ ಇರುವವರೂ ಹೇಳುತ್ತಾರೆ. ತೆಗೆಸಿದ ಮೇಲೆ ಹಗುರಾಯಿತು ಅನ್ನುವವರು ಸಾಕಷ್ಟಿದ್ದಾರೆ. 2021ರಿಂದ ಎಫ್‌ಡಿಎ ಇದನ್ನು ಆಪರೇಷನ್‌ಗೆ ಮುಂಚೆ ಹೇಳಲೇಬೇಕಾದ ಎಚ್ಚರಿಕೆಗಳಲ್ಲಿ ಸೇರಿಸಿದೆ. ಥೈರಾಯ್ಡ್, ರಕ್ತಹೀನತೆ ಇಂಥವನ್ನು ಮೊದಲು ನೋಡಿಕೊಂಡು, ಆಮೇಲೆ ಕೂತು ಮಾತಾಡೋಣ.

"ಇನ್ಶೂರೆನ್ಸ್ ಸಿಗುತ್ತಾ?"

ಚೆಂದಕ್ಕೆ ಅಂದರೆ ಇಲ್ಲ. ಆದರೆ ನಮ್ಮ ದೇಶದ ಆರೋಗ್ಯ ವಿಮೆಯ ನಿಯಮದಲ್ಲಿ ಕಾಸ್ಮೆಟಿಕ್ ಸರ್ಜರಿ ಹೊರಗಿಡುವ ಷರತ್ತಿನಲ್ಲೇ ಒಂದು ವಿನಾಯ್ತಿ ಇದೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರ ಮತ್ತೆ ಕಟ್ಟುವ ಆಪರೇಷನ್‌ಗೆ ಆ ಷರತ್ತು ಅನ್ವಯಿಸುವುದಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಕ್ಯಾನ್ಸರ್ ನಂತರದ ರೀಕನ್‌ಸ್ಟ್ರಕ್ಷನ್ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಇಲ್ಲದಿದ್ದರೆ ವಿಮಾ ಕಂಪನಿಯವರು ಕಾಸ್ಮೆಟಿಕ್ ಅಂತ ತಳ್ಳಿಹಾಕಿಬಿಡಬಹುದು.

"ನಮ್ಮ ಅತ್ತಿಗೆಗೆ ತುಂಬಾ ಹಿಂದೆ ಹೊರದೇಶದಲ್ಲಿ ಹಾಕಿದ್ದು. ಕಾರ್ಡ್ ಇಲ್ಲ. ನೀರೋ ಜೆಲ್ಲೋ ಅದೂ ಗೊತ್ತಿಲ್ಲ."

ಮೊದಲು ಆ ಆಸ್ಪತ್ರೆಗೆ ಇಮೇಲ್ ಮಾಡಿ, ಆಪರೇಷನ್ ನೋಟ್ಸ್ ಕೊಡಿ ಅಂತ ಕೇಳಲಿ. ಹೆಸರು, ಹುಟ್ಟಿದ ದಿನಾಂಕ, ಆಪರೇಷನ್ ಆದ ವರ್ಷ ಬರೆಯಲಿ. ಉತ್ತರ ಬರುವ ತನಕ ಕಾಯುವುದು ಬೇಡ, ಒಂದು ಅಲ್ಟ್ರಾಸೌಂಡ್ ಮಾಡಿಸಿ. ಒಳಗೆ ಇರುವುದು ನೀರೋ ಜೆಲ್ಲೋ ಅಂತ ಸಾಮಾನ್ಯವಾಗಿ ಅದರಲ್ಲೇ ಗೊತ್ತಾಗುತ್ತದೆ. ಒಡೆದ ಹಾಗೆ ಅನುಮಾನ ಬಂದರೆ ಎಂಆರ್‌ಐ. ರಿಪೋರ್ಟ್ ಒಂದೇ ಕಳಿಸಬೇಡಿ, ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ.